ಹಿತ್ತಾಳೆ ತಪ್ಪಲೆ ಮತ್ತು ಹುಣಸೆಹಣ್ಣಿನ ಸ್ನೇಹ

ಹಿತ್ತಾಳೆ ತಪ್ಪಲೆಗೂ ಮರದ ಸೌಟಿಗೂ ಜಗಳ ಹತ್ತಿದರೆ ಕೊನೆಗೆ ಏನಾಗಬಹುದು, ಊಹಿಸಿ ನೋಡೋಣ! ಆಗಲಿಲ್ಲವೇ? ಬಿಡಿ, ನಾನೇ ಹೇಳುತ್ತೇನೆ. ಹೇಳದೆ ಸುಮ್ಮನಿರುವುದು ನನ್ನ ಕೈಲಾಗದ ಕೆಲಸ.

ಸೌಟು ಹೇಳಿತು: "ತಪ್ಪಲೆಯಕ್ಕ, ನಿನ್ನ ಒಳಗಿನ ತವರದ ಕಲಾಯಿ ಪೂರ್ತಿ ಸವೆದಿದೆ. ದಿನಾ ನಿನ್ನ ತಳ ಮುಟ್ಟುವ ನನಗೆ ಗೊತ್ತು. ಇಂದು ಹುಳಿಸಾರು ನಿನ್ನಲ್ಲಿ ಕುದಿದರೆ ಕಿಲುಬೆದ್ದು ವಿಷವಾಗುತ್ತದೆ. ಯಜಮಾನಿಗೆ ನಿನ್ನ ಒಳಗನ್ನು ತೋರಿಸು."

"ಹೋಗೋ ಮೋಟು ಕಟ್ಟಿಗೆ!" ಎಂದಿತು ತಪ್ಪಲೆ. "ಬೆಳಿಗ್ಗೆಯಷ್ಟೇ ನನ್ನನ್ನು ತಿಕ್ಕಿ ಚಿನ್ನದಂತೆ ಮಾಡಿದ್ದು ಇದೇ ಹುಣಸೆಹಣ್ಣು. ಮೈ ಬೆಳಗಿದವರು ವಿಷ ಹಾಕುತ್ತಾರೆಯೇ?"

"ಮೈಗೆ ಹಚ್ಚಿದ್ದನ್ನು ಆಗಲೇ ತೊಳೆದರು. ಒಳಗೆ ಬಿಟ್ಟುಕೊಂಡದ್ದನ್ನು ತೊಳೆಯುವವರು ಯಾರು?"

ತಪ್ಪಲೆ ತನ್ನ ಹೊಳೆಯುವ ಹೊಟ್ಟೆಯನ್ನು ಯಜಮಾನಿ ಗಿರಿಜಮ್ಮನತ್ತ ತಿರುಗಿಸಿತು. ಅದರಲ್ಲಿ ತನ್ನ ಮುಖ ಕಂಡು ಹಿಗ್ಗಿದ ಆಕೆ ಹುಣಸೆರಸ ಸುರಿದು ಒಲೆಗಿಟ್ಟಳು. ಸಾರು ಸಂಜೆಯವರೆಗೂ ಅದರಲ್ಲೇ ಉಳಿಯಿತು. ಉಂಡವರೆಲ್ಲ ಕಾರಿಕೊಂಡರು.

ಮಾರನೆಯ ದಿನ ಹಸಿರುಗಟ್ಟಿದ ತಪ್ಪಲೆ ಗೋಗರೆಯಿತು: "ನನ್ನನ್ನು ಯಾರಾದರೂ ತಿಕ್ಕಿ!"

"ಅಕ್ಕ," ಎಂದಿತು ಸೌಟು, "ನಿನ್ನನ್ನು ತಿಕ್ಕುತ್ತಿದ್ದ ಯಜಮಾನಿಯ ಕೈಯೇ ತಣ್ಣಗಾಯಿತು."

ಆ ಸಾರು ಕುದಿದದ್ದು ಯಾವತ್ತು ಅಂತೀರಿ? ಪಾತ್ರೆಪಡಗಗಳಿಗೆಲ್ಲ ಕುಂಕುಮವಿಟ್ಟು ಕೈಮುಗಿಯುವ ಆಯುಧಪೂಜೆಯ ದಿನ, ಗುರುವಾರ.