ಹೊನ್ನೆಮರದ ಕರಿಗಂಟು

"ಕೇಳ್ರಪ್ಪೋ ಕೇಳಿ! ದೊರೆ ಕೆಂಚರಾಯರ ಅಪ್ಪಣೆ! ರಾಕ್ಷಸನ ಹೊನ್ನೆಮರದ ಗಂಟು ಕೊಯ್ದು ತಂದು, ರಾಜಕುಮಾರಿಯ ತಾಳಿ ಇಡೋಕೆ ಅಂಗೈಯಗಲದ ಕರಡಿಗೆ ಮಾಡಿಕೊಟ್ಟವನೇ ಆ ತಾಳಿ ಕಟ್ಟಬಹುದು! ರಾಕ್ಷಸ ಮೂರು ಒಗಟು ಹಾಕ್ತಾನೆ. ತಪ್ಪಿದರೆ ನುಂಗ್ತಾನೆ. ನುಂಗಿದ ಮೇಲೆ ಅರಮನೆಗೆ ಬಂದು ಯಾರೂ ಗೋಳಾಡಬಾರದು!"

ಹೀಗೆ ಡಂಗುರ ಹೊಡೆದರು. ಗಂಟು ಅಂದರೆ ಮರದ ಮೈಮೇಲೆ ಬಾವು ಬಂದಹಾಗೆ ಉಬ್ಬುವ ಗಡ್ಡೆ. ಹೊರಗೆ ನೋಡಿದರೆ ಹೇಸಿಗೆ. ಕೊಯ್ದು ಉಜ್ಜಿದರೆ ಒಳಗೆ ನವಿಲುಗರಿ. ಇನ್ನು ಆ ಮರವೋ, ಅದರ ನೆರಳು ದಾಟಲು ಕುದುರೆಗೆ ಒಂದು ಹಗಲು ಬೇಕು. ಸುಳ್ಳಲ್ಲ. ಅದರದೊಂದು ತರಗೆಲೆ ನಮ್ಮೂರಿಗೆ ಹಾರಿಬಂದಿತ್ತು, ಒಂದಿಡೀ ಮಳೆಗಾಲ ನಾನು ಅದನ್ನೇ ಕೊಡೆ ಮಾಡಿಕೊಂಡಿದ್ದೆ.

ಆ ದೊರೆಯ ಊರಲ್ಲಿ ಕರಡಿಗೆ ಕೆತ್ತುವ ಗಿರಿಯಣ್ಣ ಅಂತ ಒಬ್ಬನಿದ್ದ. ಹಿಂದೊಮ್ಮೆ ಗಂಟು ತರಲು ಹೋದವನು ತಿರುಗಿ ಬಂದಿರಲಿಲ್ಲ. ಅವನ ಮಗ ತಿಪ್ಪ ಡಂಗುರ ಕೇಳಿದವನೇ ಉಳಿ ಮಸೆಯಲು ಕೂತ.

"ಬೇಡ ಕಣೋ ಮಗ, ರಾಜಕುಮಾರಿ ನಮಗ್ಯಾಕೆ?" ಅಂತ ತಾಯಿ ಸೆರಗು ಬಾಯಿಗಿಟ್ಟಳು.

"ಅವಳಿಗಾಗಿ ಹೋಗ್ತಿಲ್ಲ ಕಣವ್ವ. ಅಪ್ಪನ್ನ ತಿಂದೋನು ಇನ್ನೂ ಉಣ್ತಾನೇ ಇದಾನೆ."

ತಿಪ್ಪ ಮರದ ಬುಡಕ್ಕೆ ಬರುವ ಹೊತ್ತಿಗೆ ಒಬ್ಬ ರಾಜಕುಮಾರನೂ ಒಬ್ಬ ಸಾಹುಕಾರನ ಮಗನೂ ಆಗಲೇ ನಿಂತಿದ್ದರು. ರಾಕ್ಷಸ ಕೊಂಬೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ.

"ಗಾಯವಾದರೆ ಯಾವ ಮೈಗಾದರೂ ಬೆಲೆ ಇಳಿಯುತ್ತೆ. ಗಾಯವಾದ ಮೇಲೇ ಬೆಲೆ ಏರುವ ಮೈ ಯಾವುದು?" ಅಂದ.

ರಾಜಕುಮಾರ ಮೀಸೆ ತಿರುವಿ, "ರಣದಲ್ಲಿ ಗಾಯವಾದ ವೀರನ ಮೈ!" ಎಂದ.

"ಹೌದಾ? ಕುಂಟ ವೀರನಿಗೆ ಯಾರಪ್ಪಾ ಹೆಣ್ಣು ಕೊಡ್ತಾರೆ?" ಅಂತ ರಾಕ್ಷಸ ಅವನನ್ನು ನುಂಗಿ, ಕಿರೀಟವನ್ನು ಮಾತ್ರ ಉಗುಳಿದ.

ಸಾಹುಕಾರನ ಮಗ ಹೆದರಿ ಕಾಂಡವನ್ನು ತಬ್ಬಿಕೊಂಡು, "ಮರ! ಮರ! ಕಾಪಾಡೇ ಮರವೇ!" ಅಂತ ಕಿರುಚಿದ.

"ಅದೃಷ್ಟವಂತ. ಸರಿ, ಎರಡನೇದು. ಹೊಟ್ಟೆ ತುಂಬ ಕಣ್ಣು, ಒಂದಕ್ಕೂ ರೆಪ್ಪೆಯಿಲ್ಲ. ಹೊಟ್ಟೆ ಕೊಯ್ದರೂ ಕುರುಡು. ನೀರು ಕುಡಿಸಿದರೆ ಎಲ್ಲ ಕಣ್ಣೂ ತೆರೆಯುತ್ತೆ. ಏನದು?"

"ಸೀತಾಫಲ," ಎಂದ ಪಾಪದವನು. ಅವನೂ ಹೊಟ್ಟೆ ಸೇರಿದ.

ರಾಕ್ಷಸ ತಿಪ್ಪನ ಕಡೆ ತಿರುಗಿದ. "ಮರ ಅಂತ ಅವನೂ ಬಡಬಡಿಸಿದ. ಯಾಕೆ ಮರ ಅಂತ ನೀನು ಹೇಳೋ, ಬಡಕಲ."

"ಕೊಡಲಿ ಬಿದ್ದೋ ಹುಳ ಕೊರೆದೋ ಗಾಯವಾದ ಕಡೆ ಮರ ಗಂಟು ಕಟ್ಟುತ್ತೆ. ಇಡೀ ದಿಮ್ಮಿಗಿಂತ ಆ ಗಂಟಿಗೇ ಬೆಲೆ. ಎರಡನೇದೂ ಅದೇ ಗಂಟು. ಕೊಯ್ದಾಗ ಬರೀ ಮಂಕು ಮರ. ಒದ್ದೆ ಕೈ ಸವರಿದರೆ ಒಳಗಿನ ಚಿತ್ತಾರವೆಲ್ಲ ಕಣ್ಣು ಬಿಡುತ್ತೆ."

ರಾಕ್ಷಸ ಹೊಟ್ಟೆ ಕುಲುಕಿಸಿ ನಕ್ಕ. "ಹಿಂದೆ ಒಬ್ಬ ಮುದುಕನೂ ಹೀಗೇ ಅಂದಿದ್ದ. ಮೂರನೇದನ್ನೂ ಸರಿಯಾಗೇ ಹೇಳಿದ ಕಣೋ! ಆದರೆ ನಿಮ್ಮ ಪದ್ಧತಿ ಒಂದಿದೆಯಲ್ಲ, ಕೊಯ್ಯೋ ಮುಂಚೆ ಹತಾರ ಕೆಳಗಿಟ್ಟು ಮರಕ್ಕೆ ಕೈ ಮುಗಿಯೋದು? ಅವನು ಬಗ್ಗಿದ. ಬಗ್ಗಿದ ಕತ್ತು ಎಷ್ಟು ಸಲೀಸು ಅಂತೀಯ!"

ತಿಪ್ಪನ ಕಿವಿಯೊಳಗೆ ಬೆಂಕಿ ಹೊತ್ತಿಕೊಂಡಿತು. ಬಾಯಿ ಮಾತ್ರ ತಣ್ಣಗೆ, "ಮೂರನೇದು ಹಾಕು," ಎಂದಿತು.

"ನಾನು ನಿನ್ನೆದುರಿಗಿದ್ದೀನಿ. ನನ್ನ ಜೀವ ನನ್ನ ಮೈಯಲ್ಲಿಲ್ಲ. ಎಲ್ಲಿದೆ?"

ಮರದ ಮೇಲೆ ಮೂರು ಗಂಟುಗಳಿದ್ದವು. ಒಂದು ಗುಡಾಣದಷ್ಟು ದಪ್ಪ. ಇನ್ನೊಂದು ಎಣ್ಣೆ ಹಚ್ಚಿದ ಹಾಗೆ ನುಣುಪು. ಮೂರನೆಯದು ಬುಡದಲ್ಲಿ, ಕರ್ರಗೆ, ಮೈತುಂಬ ನರುಲಿ, ಮಣ್ಣು ಮೆತ್ತಿಕೊಂಡದ್ದು. ತಿಪ್ಪ ಉಳಿಯ ಹಿಡಿಯಿಂದ ಮೊದಲನೆಯದನ್ನು ತಟ್ಟಿದ. ಡಬ್ ಡಬ್ ಅಂದಿತು, ಒಳಗೆ ಟೊಳ್ಳು. ನುಣುಪಾದದ್ದು ಠಣ್ ಅಂದಿತು, ಬರೀ ನೇರ ನಾರು. ಕರಿಗಂಟನ್ನು ತಟ್ಟಿದ. ಅದು ಸದ್ದೇ ಮಾಡಲಿಲ್ಲ. ಕೊಂಬೆಯ ಮೇಲಿದ್ದ ರಾಕ್ಷಸ ಬಿಕ್ಕಳಿಸಿದ.

ಇನ್ನೊಮ್ಮೆ ತಟ್ಟಿದ. ಇನ್ನೊಂದು ಬಿಕ್ಕಳಿಕೆ.

"ಸಿಕ್ಕಿತೇನೋ?" ಅಂತ ರಾಕ್ಷಸ ಮೆಲ್ಲಗೆ ಕೆಳಗಿಳಿದ. "ಸರಿ, ಕೊಯ್ಕೋ. ಮೊದಲು ಕೈ ಮುಗಿ."

ತಿಪ್ಪ ಕೈ ಮುಗಿಯಲಿಲ್ಲ. ಕರಿಗಂಟಿಗೆ ಉಳಿಯಿಟ್ಟು ಒಂದೇ ಏಟು ಹಾಕಿದ. ರಕ್ತದಂಥ ಕೆಂಪು ಸೊನೆ ಚಿಮ್ಮಿತು. ರಾಕ್ಷಸ ದೊಪ್ಪೆಂದು ಬಿದ್ದ ರಭಸಕ್ಕೆ ಹನ್ನೆರಡು ಹಳ್ಳಿಯ ಬಾವಿಗಳು ತುಳುಕಿದವು. ಗಂಟು ಸೀಳಲಿಲ್ಲ, ಅವನ ಜೀವವೂ ಹೋಗಲಿಲ್ಲ. ತಿಪ್ಪ ಗಂಟನ್ನು ಗರಗಸದಲ್ಲಿ ಕೊಯ್ದು ಹೆಗಲಿಗೇರಿಸಿದ.

ಅರಮನೆಯಲ್ಲಿ ಎಲ್ಲರೂ ಒಗಟು ಕೇಳಿ, ಉತ್ತರ ಕೇಳಿ, ತಲೆದೂಗಿದರು. ದೊರೆಗೆ ಮಾತ್ರ ತಡೆಯಲಾಗಲಿಲ್ಲ. "ಇವತ್ತೇ ಕರಡಿಗೆ ಮಾಡು. ನಾಳೆಯೇ ಮದುವೆ!"

"ಹಸಿ ಗಂಟು, ದೊರೆಗಳೇ. ಅವಸರ ಮಾಡಿದರೆ ಸೀಳುತ್ತೆ. ಸೀಳಿದರೆ ಇದರೊಳಗೆ ಜೀವ ಇಟ್ಟಿರೋ ರಾಕ್ಷಸ ಒಂದೇ ಏಟಿಗೆ ಸಾಯ್ತಾನೆ."

ರಾಜಕುಮಾರಿ ಪದುಮಲೆ ಎದ್ದು ನಿಂತಳು. "ಹಿಂದೆ ಬೇಟೆಗೆ ಹೋದ ನಮ್ಮಣ್ಣನನ್ನೂ ನುಂಗಿದ್ದಾನೆ ಅವನು. ನಿಧಾನವಾಗಿಯೇ ಮಾಡಿ. ನಾನು ಕಾಯ್ತೀನಿ."

ತಿಪ್ಪ ಅರಮನೆಯಲ್ಲೇ ಕೂತು ನಿಧಾನವಾಗಿಯೇ ಮಾಡಿದ. ಕರಡಿಗೆಯ ಗೋಡೆ ದಪ್ಪಗೆ ಬಿಟ್ಟು ತೋಡಿ, ಒಣಗಲು ಮರದ ಹೊಟ್ಟಿನಲ್ಲಿ ಹೂತಿಟ್ಟ. ಒಣಗಿದಷ್ಟು ಮತ್ತೆ ತೋಡಿದ. ಉಳಿ ತಾಗಿದಾಗಲೆಲ್ಲ ಕಾಡಿನಿಂದ ಊಳು ಕೇಳಿಬರುತ್ತಿತ್ತು, ಊರಿನ ಹೆಂಗಸರು ಅದನ್ನು ಕೇಳುತ್ತಲೇ ರಾಗಿ ಬೀಸುತ್ತಿದ್ದರು. ಮಳೆಗಾಲ ಹೋಗಿ ಬೇಸಿಗೆ ಬಂತು. ಗೋಡೆ ತೆಳ್ಳಗಾದ ಹಾಗೆ ರಾಕ್ಷಸ ಕುಗ್ಗಿದ: ಎಮ್ಮೆಯಷ್ಟಾದ, ಕುರಿಯಷ್ಟಾದ. ತಿಪ್ಪ ಒರಟು ಎಲೆಯಿಂದ ಉಜ್ಜಿ ಮೆರುಗು ತರುವ ಹೊತ್ತಿಗೆ ಬೆಕ್ಕಿನಷ್ಟಾಗಿ ತೆವಳುತ್ತ ಅರಮನೆ ಬಾಗಿಲಿಗೆ ಬಂದ.

"ತಿಪ್ಪಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ. ಒಂದೇ ಏಟಿಗೆ ಮುಗಿಸಿಬಿಡಪ್ಪಾ!"

ತಿಪ್ಪ ಅವನತ್ತ ನೋಡಲೂ ಇಲ್ಲ. ಮುಚ್ಚಳ ಕೂರಿಸಿ ನೋಡಿದ. ಒಂದು ಕಡೆ ಕೂದಲೆಳೆಯಷ್ಟು ಸಂದಿತ್ತು. ತೆಗೆದು ಮತ್ತೆ ಉಜ್ಜಿದ. ಹೊರಗೆ ಕೀರಲು ದನಿ ಎದ್ದಿತು. ಅವಸರವಿಲ್ಲದೆ ಇನ್ನೊಂದು ಕೈ ಉಜ್ಜಿ, ಪುಡಿ ಊದಿ, ಮುಚ್ಚಳ ಒತ್ತಿದ.

ಸರಿಯಾಗಿ ಕೂತಿತು. ಬಾಗಿಲಲ್ಲಿ ದನಿ ನಿಂತಿತು.

"ಓಲಗದವರನ್ನ ಕರೆಸಿ, ದೊರೆಗಳೇ," ಎಂದ ತಿಪ್ಪ.