ಯಾವ ಪದ ಮೊದಲು?

ಬೆಳಗಿನಿಂದ ಕೊಟ್ರೇಶನಿಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಹೊಳೆದಂಡೆಯ ಮಠಕ್ಕೆ ಪರದೇಶದ ಹೆಂಗಸೊಬ್ಬರು ಬಂದಿದ್ದರು. ಕಾಶಿಯ ಆಸ್ಪತ್ರೆಯಲ್ಲಿ ಅವನ ಅಣ್ಣ ಗಾದಿಲಿಂಗಪ್ಪ ಕಣ್ಣು ಮುಚ್ಚುವಾಗ ಪಕ್ಕದಲ್ಲಿದ್ದವರು ಅವರೇ. ಅಣ್ಣನ ಕಂಬಳಿಯನ್ನು ಮಠಕ್ಕೆ ಮುಟ್ಟಿಸಿ, ಸಂಜೆಯ ಹರಿಗೋಲಿಗೆ ಹೊರಡುವವರಿದ್ದರು.

ಆ ಅಣ್ಣನನ್ನು ಹಿಂದೊಮ್ಮೆ ಜಗಳದಲ್ಲಿ ಅರ್ಧ ಊಟದಿಂದ ಎಬ್ಬಿಸಿ ಹೊರಗೆ ಹಾಕಿದವನು ಈ ಕೊಟ್ರೇಶನೇ. ಎಂಥ ಪಾಪ! ಸಾಯುವಾಗಲೂ ಅಣ್ಣ ಅದನ್ನೇ ನೆನೆದನೋ ಏನೋ. ಕೇಳಬೇಕು. ಆದರೆ ಆಕೆಗೆ ಇಂಗ್ಲಿಷ್ ಬಿಟ್ಟು ಬೇರೆ ಬಾರದು, ಇವನಿಗೆ ಇಂಗ್ಲಿಷೇ ಬಾರದು.

ಮಠದ ಅಜ್ಜಾರು ಒಂದು ಕಾಲಕ್ಕೆ ಇಂಗ್ಲಿಷ್ ಮೇಷ್ಟ್ರು.

"ನೀವ ಕೇಳಿಬಿಡ್ರಿ ಅಜ್ಜಾರೇ," ಅಂದ ಕೊಟ್ರೇಶ.

"ಉಣ್ಣೋನ್ನ ಎಬ್ಬಿಸಿದಾಂವ ನಾನೇನೋ?"

"ಹಂಗಾದ್ರ ಕಲಿಸರಿ."

ಅಜ್ಜಾರು ಮರಳಿನ ಮೇಲೆ ಕೋಲಿನಿಂದ ಬರೆದರು. "ಹೇಳೋದಿದ್ರ ಯಾರು ಅನ್ನೋದು ಮೊದಲು. ಕೇಳೋದಿದ್ರ ಡಿಡ್ ಅನ್ನೋ ಪದಾನೋ ವಾಸ್ ಅನ್ನೋ ಪದಾನೋ ಅದಕ್ಕಿಂತ ಮುಂದ. ಮೊದಲಕ್ಷರ ದೊಡ್ಡದು."

"ಮಾತಾಡುವಾಗ ದೊಡ್ಡಕ್ಷರ ಹೆಂಗ್ರೀ?"

"ಬಾಯಿ ದೊಡ್ಡದು ತೆಗಿ."

ಕೊಟ್ರೇಶ ದಂಡೆಯ ಉದ್ದಕ್ಕೂ ಶತಪಥ ಹಾಕಿದ. ಸಿಟ್ಟಾಗಿದ್ದನಾ ಅಂತ ಕೇಳಿದರೆ ವಾಸ್. ಕ್ಷಮಿಸಿದನಾ ಅಂದರೆ ಡಿಡ್. ಯಾವುದು ವಾಸಿ? ಬರೆದ, ಕಾಲಿನಿಂದ ಅಳಿಸಿದ, ಮತ್ತೆ ಬರೆದ. ಆ ಹೆಂಗಸು ಎದುರಿಗೇ ಬಂದು ನಕ್ಕರೆ, ಹೊಳೆಯ ಕಡೆ ಮುಖ ಮಾಡಿ ದಾಟಿಕೊಂಡು ಹೋದ.

ಹೊತ್ತು ಇಳಿಯಿತು. ಆಕೆ ಹರಿಗೋಲು ಹತ್ತಿದರು.

"ಇನ್ನೂ ಪದ ಕೂಡಿ ಬಂದಿಲ್ರೀ ಅಜ್ಜಾರೇ!"

"ಪದ ಬಂದಿಲ್ಲೋ, ಧೈರ್ಯ ಬಂದಿಲ್ಲೋ?"

ಕೊಟ್ರೇಶ ತಲೆ ತಗ್ಗಿಸಿದ. "ಸಿಟ್ಟಿಲೇ ಹೋದ ಅಂತ ಆಕಿ ಅಂದುಬಿಟ್ರ, ನಾ ಯಾವ ಮುಖ ಇಟ್ಕೊಂಡು ಬದುಕ್ಲಿ?"

ಅಜ್ಜಾರು ಬಗ್ಗಿ, ಮರಳಿನ ಮೇಲೆ ಬರೆದದ್ದನ್ನೆಲ್ಲ ಅಂಗೈಯಿಂದ ಸವರಿ ಅಳಿಸಿದರು. ಆಮೇಲೆ ಅಂಬಿಗನಿಗೆ ಕೂಗಿ ಹೇಳಿದರು: "ಬಿಡಪಾ, ಹೊರಡು!"

ಅಯ್ಯೋ! ಹರಿಗೋಲು ದಂಡೆ ಬಿಟ್ಟೇಬಿಟ್ಟಿತು. ಕೊಟ್ರೇಶ ಪಂಚೆ ಎತ್ತಿಕಟ್ಟುವ ಪರಿವೆಯೂ ಇಲ್ಲದೆ ನೀರಿಗಿಳಿದು ಓಡಿದ. ಡಿಡ್ಡೂ ಇಲ್ಲ, ವಾಸೂ ಇಲ್ಲ. ಸೊಂಟದ ಮಟ್ಟದ ನೀರಿನಲ್ಲಿ ಹರಿಗೋಲಿನ ಅಂಚು ಹಿಡಿದು, ಆಕೆಯ ಮುಖ ನೋಡುತ್ತ, "ಅಣ್ಣ... ಗಾದಿಲಿಂಗಪ್ಪ..." ಅಂದ. ಮುಂದೆ ಬಂದದ್ದು ಬರೀ ಅಳು.

ಆಕೆ ಅವನನ್ನೇ ದಿಟ್ಟಿಸಿ ನೋಡಿದರು. ಅವನ ಎದೆಯ ಕಡೆ ಬೆರಳು ಮಾಡಿ, "ಕೊಟ್ರಾ?" ಅಂದರು.

ಅವನು ಹೌದೆಂದು ತಲೆಯಾಡಿಸಿದ.

ಆಕೆ ಅವನ ಒದ್ದೆ ಕೈ ಹಿಡಿದುಕೊಂಡರು. ಅರ್ಥ ತಿಳಿಯದೆ ಬಾಯಿಪಾಠ ಮಾಡಿದ ಮಗುವಿನ ಹಾಗೆ, ನಿಧಾನವಾಗಿ ಹೇಳಿದರು:

"ಉಂಡಿಯೇನೋ, ಕೊಟ್ರಾ? ಉಂಡಿಯೇನೋ?"

ಥೇಟ್ ಅಣ್ಣನ ಧಾಟಿ. ಕೊಟ್ರೇಶ ಹರಿಗೋಲಿನ ಅಂಚಿಗೆ ಹಣೆ ಒತ್ತಿ ಬಿಕ್ಕಿದ. ಆಕೆ ಗಾಬರಿಯಾಗಿ ದಂಡೆಯ ಕಡೆ ತಿರುಗಿ, ಇಂಗ್ಲಿಷಿನಲ್ಲಿ ಅಜ್ಜಾರನ್ನು ಏನೋ ಕೇಳಿದರು.

"ಏನಂತ್ರೀ ಅಜ್ಜಾರೇ?"

"ನಿಮ್ಮಣ್ಣ ಕೊನೀತನಕ ಅದನ್ನ ಅಂತಿದ್ದನಂತ. ಆ ಮಾತಿನ ಅರ್ಥ ಏನು ಅಂತ ಕೇಳಾಕತ್ತಾರ," ಅಂದರು ಅಜ್ಜಾರು. "ನೀನ ಹೇಳು."