ಅರವತ್ನಾಲ್ಕು ಮನೆಯ ಊರು

ಒಂದು ರಾಜ್ಯ ಇತ್ತಂತೆ ಮಕ್ಕಳೇ. ಆ ರಾಜ್ಯಕ್ಕೊಬ್ಬ ರಾಜ. ಹೆಸರು ಕೆಂಗಣ್ಣರಾಯ. ಅವನ ಕೋಟೆಯ ಬುಡದಲ್ಲಿ ಒಂದು ಊರು. ಆ ಊರಲ್ಲಿ ಎಣಿಸಿ ಅರವತ್ನಾಲ್ಕು ಮನೆ. ಯಾರಾದರೂ ಅರವತ್ತೈದನೇ ಮನೆಗೆ ಪಾಯ ತೋಡಿದರೆ ರಾಜನೇ ಬಂದು ಮುಚ್ಚಿಸುತ್ತಿದ್ದ.

ಯಾಕೆ ಅಂತೀರಾ? ರಾಜನಿಗೆ ಚದುರಂಗದ ಹುಚ್ಚು. ಚದುರಂಗದ ಹಾಸಿನಲ್ಲಿ ಚೌಕ ಚೌಕ ಇರುತ್ತಲ್ಲ, ಅದಕ್ಕೂ ಮನೆ ಅಂತಲೇ ಹೆಸರು. ಅವೂ ಅರವತ್ನಾಲ್ಕೇ. "ಹಾಸಿನ ಮನೆಯೂ ನಂದೇ, ಊರಿನ ಮನೆಯೂ ನಂದೇ" ಅಂತ ಅವನು ಮೀಸೆ ತಿರುವುತ್ತಿದ್ದ.

ಪ್ರತಿ ಅಮಾವಾಸ್ಯೆ ಬೆಳಗ್ಗೆ ಹಾಸಿನ ಮೇಲೆ ಒಂದು ಕವಡೆ ಎಸೆಯುತ್ತಿದ್ದ. ಕವಡೆ ಯಾವ ಮನೆಯಲ್ಲಿ ನಿಂತಿತೋ, ಊರಲ್ಲಿ ಆ ಮನೆಯಿಂದ ಒಬ್ಬರು ಬಂದು ಅವನ ಜೊತೆ ಆಡಬೇಕು. ಗೆದ್ದರೆ ಗೆದ್ದವರು ಕೇಳಿದ್ದು ಕೊಡುತ್ತೇನೆ ಅಂತ ಮಾತು. ಸೋತರೆ ಹಗೇವು. ಹಗೇವು ಗೊತ್ತಲ್ಲ? ರಾಗಿ ತುಂಬಿಡೋಕೆ ನೆಲದೊಳಗೆ ತೋಡೋ ಹೊಂಡ. ಬಾಯಿಗೆ ಚಪ್ಪಡಿ ಕಲ್ಲು. ಒಳಗೆ ಉಸಿರು ಕಟ್ಟೋ ಕತ್ತಲೆ. ಕೋಟೆಯ ಹಗೇವಿನಲ್ಲಿ ರಾಗಿ ಇರಲಿಲ್ಲ. ಮನುಷ್ಯರಿದ್ದರು.

ಅಷ್ಟಕ್ಕೇ ಮುಗಿಯಲಿಲ್ಲ. ಸೋತವನ ಮನೆಯವರು ಯಾರಾದರೂ ಮೂರನೇ ಅಮಾವಾಸ್ಯೆಯೊಳಗೆ ಬಂದು ಗೆಲ್ಲಬೇಕು. ಬರದಿದ್ದರೆ, ಬಂದೂ ಸೋತರೆ, ಮನೆಗೆ ಬೀಗ. ಮನೆಮಂದಿಯೆಲ್ಲ ಹಗೇವಿಗೆ. ಹಾಗೆ ಹತ್ತೊಂಬತ್ತು ಮನೆ ಬೀಗ ಬಿದ್ದು ಜೇಡ ಕಟ್ಟಿದ್ದವು. ಊರವರಿಗೆ ಎಷ್ಟು ಭಯ ಅಂದರೆ, ಮನೆ ಅನ್ನೋ ಮಾತನ್ನೇ ಬಿಟ್ಟುಬಿಟ್ಟಿದ್ದರು. "ನಮ್ಮ ಕಡೆ ಬನ್ನಿ" ಅನ್ನುತ್ತಿದ್ದರೇ ಹೊರತು "ನಮ್ಮ ಮನೆಗೆ ಬನ್ನಿ" ಅನ್ನುತ್ತಿರಲಿಲ್ಲ.

ಆ ಊರಲ್ಲಿ ಹೊಂಬಾಳಮ್ಮ ಅಂತ ಒಬ್ಬಳು ಜೊಂಡಿನ ಚಾಪೆ ಹೆಣೆಯುತ್ತಿದ್ದಳು. ಗಂಡ ಮಾದಯ್ಯ. ಅತ್ತೆ ಬೋರಮ್ಮ, ಕಣ್ಣು ಪೂರ್ತಿ ಹೋದ ಮುದುಕಿ. ಒಂದು ಅಮಾವಾಸ್ಯೆ ಡಂಗುರದವನು ಇವರ ಬಾಗಿಲಲ್ಲಿ ನಿಂತು ಕೂಗಿದ: "ನಿಮ್ಮ ಮನೆ ಬಂತು!"

ಮಾದಯ್ಯ ಹೋದ. ಬಿಸಿಲು ಏರೋ ಮುಂಚೆಯೇ ಸೋತ. ಹೊಂಬಾಳಮ್ಮ ಹೊಸ್ತಿಲ ಮೇಲೆ ಕುಸಿದಳು.

"ಅತ್ತೆ, ಇನ್ನು ನಾನೇ ಹೋಗಬೇಕು. ನನಗೆ ಕುದುರೆ ಯಾವುದು, ಒಂಟೆ ಯಾವುದು ಅಂತಲೂ ಗೊತ್ತಿಲ್ಲ."

ಬೋರಮ್ಮ ಅಳಲಿಲ್ಲ. "ಎದ್ದೇಳೇ. ನಲವತ್ತು ವರ್ಷ ಅದೇ ಕೋಟೆಯಲ್ಲಿ ಚದುರಂಗ ಆಡೋ ತೊಟ್ಟಿ ಅಂಗಳ ಗುಡಿಸಿದೋಳು ನಾನು. ಈ ರಾಜನ ಅಪ್ಪನ ಕಾಲದಲ್ಲಿ ದೊಡ್ಡ ದೊಡ್ಡ ಆಟಗಾರರು ಬರೋರು."

"ಹಂಗಾದ್ರೆ ಆಟ ನೋಡಿದ್ದೀರಾ?"

"ಆಟ ನೋಡೋಕೆ ನನ್ನನ್ನ ಯಾರು ಬಿಡ್ತಾರೆ? ಮುಗಿದ ಮೇಲೆ ಕಾಯಿ ನಿಂತಿದ್ದು ನಿಂತ ಹಾಗೇ ಇರೋದು. ಒಂದೊಂದೇ ಎತ್ತಿ, ಧೂಳು ಒರೆಸಿ, ಅದದೇ ಮನೆಗೆ ಇಡಬೇಕು. ಒಂದು ಅತ್ತಿತ್ತ ಆದ್ರೆ ಬೆನ್ನು ಮುರಿಯೋರು. ಹಂಗಾಗಿ ಗೆದ್ದೋರು ಎಲ್ಲಿ ಗೆದ್ದರು ಅನ್ನೋದು ಕೈಗೆ ನೆನಪಿದೆ ಕಣೇ. ಆಟ ಅಷ್ಟೂ ಕಲಿಸೋಕೆ ನನ್ನ ಕೈಲಾಗಲ್ಲ. ವರಸೆ ಕಲಿಸ್ತೀನಿ."

ಹೊಂಬಾಳಮ್ಮ ಚಾಪೆಯಲ್ಲೇ ಅರವತ್ನಾಲ್ಕು ಮನೆ ಹೆಣೆದಳು. ಹುಣಸೆ ಬೀಜ ಕಾಲಾಳು. ದಪ್ಪ ಕಲ್ಲು ಆನೆ. ಹೊಂಗೆ ಬೀಜ ಕುದುರೆ. ಅಡಿಕೆ ಚೂರು ಒಂಟೆ. ಯಾವುದು ಹೇಗೆ ನಡೆಯುತ್ತೆ ಅಂತ ಮೊದಲ ವಾರ ಕಲಿತದ್ದಾಯಿತು.

ಮೊದಲ ತಿಂಗಳು ಒಂದೇ ವರಸೆ. "ಕುದುರೆ ಎರಡು ಹೆಜ್ಜೆ ನೇರ ಹೋಗಿ ಒಂದು ಹೆಜ್ಜೆ ಪಕ್ಕಕ್ಕೆ ಹಾರುತ್ತೆ. ಒಂದೇ ನೆಗೆತಕ್ಕೆ ಅವನ ರಾಜನನ್ನೂ ಮಂತ್ರಿಯನ್ನೂ ಎರಡನ್ನೂ ಒದೆಯೋ ಮನೆ ಹುಡುಕು. ಅವನು ರಾಜನನ್ನ ಉಳಿಸಿಕೊಂಡರೆ ಮಂತ್ರಿ ಹೋಗ್ತಾನೆ." ಅತ್ತೆ ಕಾಯಿ ಇಡುವಳು, ಸೊಸೆ ಹುಡುಕುವಳು. ಒಂದು ಸಲ, ಹತ್ತು ಸಲ, ನೂರು ಸಲ.

ಎರಡನೇ ತಿಂಗಳು ಎರಡನೇ ವರಸೆ. "ನಿನ್ನ ಆನೆಯ ದಾರಿಯಲ್ಲಿ ಅವನ ಕಾಯಿ ನಿಂತಿದೆ. ಅದರ ಬೆನ್ನಿಗೆ ಅವನ ರಾಜ. ಆ ಕಾಯಿ ಪಕ್ಕಕ್ಕೆ ಸರಿದರೆ ರಾಜ ಬಯಲಿಗೆ ಬೀಳ್ತಾನೆ. ಅದಕ್ಕೇ ಅದು ಸರಿಯೋ ಹಾಗಿಲ್ಲ. ಕಟ್ಟಿ ಹಾಕಿದ ನಾಯಿ ಇದ್ದಂಗೆ. ಬೊಗಳುತ್ತೆ, ಕಚ್ಚಲ್ಲ." ಒಂದು ಸಲ, ಹತ್ತು ಸಲ, ನೂರು ಸಲ.

ಮೂರನೇ ತಿಂಗಳು ಮೂರನೇ ವರಸೆ. "ನಿನ್ನ ಆನೆಯ ಮುಂದೆ ನಿನ್ನದೇ ಒಂಟೆ ತೆರೆಯಂಗೆ ನಿಂತಿರಲಿ. ಒಂಟೆ ಪಕ್ಕಕ್ಕೆ ಸರೀತು ಅನ್ನು, ಹಿಂದಿನ ಆನೆ ನೇರ ರಾಜನ ಮೇಲೆ. ಎದುರಿನೋನು ಸರಿದದ್ದನ್ನ ನೋಡ್ತಾನೆ, ಹಿಂದೆ ನಿಂತದ್ದನ್ನ ಮರೀತಾನೆ." ಒಂದು ಸಲ, ಹತ್ತು ಸಲ, ನೂರು ಸಲ.

"ಅತ್ತೆ, ವರಸೆ ಬಂತು. ಆದರೆ ಹೊಟ್ಟೆಯೊಳಗಿನ ನಡುಕ ಹೋಗಿಲ್ಲ."

"ಅದು ನನ್ನ ಹತ್ರ ಹೇಳಬೇಡ. ನಡುಕಕ್ಕೆ ನನ್ನ ಹತ್ರ ಮದ್ದಿಲ್ಲ."

ಮೂರನೇ ಅಮಾವಾಸ್ಯೆ ಬಂತು. ಹೊಂಬಾಳಮ್ಮ ಕೋಟೆಯ ಬಾಗಿಲು ದಾಟಿದಳು. ಆಟದ ತೊಟ್ಟಿಯ ನಡುವೆ ಹಾಸು. ಹತ್ತು ಹೆಜ್ಜೆ ಆಚೆ ಹಗೇವಿನ ಚಪ್ಪಡಿ. ಸುತ್ತ ಭಟರು.

"ಚಾಪೆಯೋಳು ಬಂದಳು!" ರಾಜ ನಕ್ಕ. "ಏನು ಕೇಳ್ತೀಯ ಗೆದ್ದರೆ?"

"ಹಗೇವಿನಲ್ಲಿರೋ ಅಷ್ಟೂ ಜನ, ಮಹಾಪ್ರಭು."

"ಅಷ್ಟೂ ಜನ! ಆಗಲಿ, ಕೂತ್ಕೋ."

ಆಟ ಶುರುವಾಯಿತು. ಹತ್ತು ನಡೆ ಆಗಿರಲಿಲ್ಲ, ರಾಜ ಕಣ್ಸನ್ನೆ ಮಾಡಿದ. ಒಬ್ಬ ಭಟ ಅವಳ ಕಿವಿಯ ಪಕ್ಕದಲ್ಲೇ ಕೂತು ಕತ್ತಿ ಮಸೆದ. ಕರ್... ಕರ್... ಕರ್... ಹೊಂಬಾಳಮ್ಮನ ಕೈ ನಡುಗಿತು. ಒಂಟೆಯನ್ನು ಇಡಬಾರದ ಮನೆಗೆ ಇಟ್ಟಳು. ರಾಜ ಅದನ್ನು ತಿಂದು ಹಾಕಿದ. ಅವಳ ಎರಡು ಒಂಟೆಯಲ್ಲಿ ಒಂದು ಹೋಯಿತು.

ಅವಳು ಕಣ್ಣು ಮುಚ್ಚಿ ತೆರೆದಳು. ಚಾಪೆ ನೆನೆದಳು. ಆನೆಯನ್ನು ತಂದು, ನಡುವೆ ಕಾಯಿಯೇ ಇಲ್ಲದ ಬಯಲು ಸಾಲಿಗೆ ನಿಲ್ಲಿಸಿದಳು. ಆ ಸಾಲಿನ ಕೊನೆಗೆ ಕೆಂಗಣ್ಣರಾಯನ ರಾಜನ ಕಾಯಿ. ಕೆಂಗಣ್ಣರಾಯ ನಕ್ಕು ನಡುವೆ ತನ್ನ ಒಂಟೆ ತಂದಿಟ್ಟ.

ಮತ್ತೆ ಕಣ್ಸನ್ನೆ. ಭಟರು ಚಪ್ಪಡಿ ಅರ್ಧ ಸರಿಸಿದರು. ಒಳಗಿನಿಂದ ಕೊಳೆತ ವಾಸನೆ ಬಂತು. ಕೆಮ್ಮು ಬಂತು. ಮಗುವೊಂದು ಅಳುವ ಸದ್ದು ಬಂತು. ಆಮೇಲೆ ಮಾದಯ್ಯನ ದನಿ: "ಹೊಂಬಾಳೂ, ನೀನ್ಯಾಕೆ ಬಂದೆ! ಓಡಿಹೋಗೇ!"

ಅವಳ ಕಣ್ಣಲ್ಲಿ ನೀರು ತುಂಬಿ ಹಾಸಿನ ಮೇಲಿನ ಕಾಯಿ ಎರಡೆರಡಾಗಿ ಕಂಡವು. ಕೈಯನ್ನು ತೊಡೆಯ ಕೆಳಗೆ ಒತ್ತಿ ಕೂತಳು. ಕಣ್ಣೀರು ತಾನಾಗಿ ಹರಿದು ಮುಗಿಯುವವರೆಗೂ ಕಾಯಿ ಮುಟ್ಟಲಿಲ್ಲ. ಆಮೇಲೆ ಕುದುರೆಯನ್ನು ಒಂದು ಹಾರಿಕೆ ಹತ್ತಿರ ತಂದಳು.

ಮೂರನೇ ಸಲ ಕಣ್ಸನ್ನೆ. ಊರಿಂದ ಬೋರಮ್ಮನನ್ನು ಎಳೆದು ತಂದಿದ್ದರು. ಕುರುಡಿ ಮುದುಕಿಯನ್ನು ಹಗೇವಿನ ಬಾಯಿಗೆ, ಕಾಲ್ಬೆರಳು ಅಂಚಿನಾಚೆ ಚಾಚುವ ಹಾಗೆ ನಿಲ್ಲಿಸಿದರು. ಹೊಂಬಾಳಮ್ಮ ಹಾಸು ಬಿಟ್ಟು ಅತ್ತೆಯನ್ನೇ ನೋಡಿದಳು.

"ನನ್ನನ್ನ ಏನೇ ನೋಡ್ತಿದ್ದೀಯ?" ಬೋರಮ್ಮ ಗದರಿದಳು. "ನನಗೆ ಕಾಣದಿದ್ದರೂ ಗೊತ್ತು, ನೀನು ನನ್ನ ಮುಖವನ್ನೇ ನೋಡ್ತಿದ್ದೀಯ. ಏನು ಚಂದ ಇದೆ ಅಂತ? ಹಾಸು ನೋಡೇ, ದಡ್ಡಿ!"

ಹೊಂಬಾಳಮ್ಮ ಹಾಸು ನೋಡಿದಳು. ಭಯ ಹಾಗೇ ಇತ್ತು. ಕೈಯೂ ನಡುಗುತ್ತಲೇ ಇತ್ತು. ಆದರೆ ನೂರು ಸಲ ಹುಡುಕಿದ ಮನೆ ಕಣ್ಣಿಗೆ ತಾನೇ ಬಂದು ಬಿತ್ತು. ನಡುಗುವ ಕೈಯಲ್ಲೇ ಕುದುರೆ ಎತ್ತಿದಳು. ರಾಜನ ಒಂಟೆಯ ಬಾಯಿಗೇ ಇಟ್ಟಳು.

"ಷಾ!" ಅಂದಳು. ಎದುರಿನವರ ರಾಜನ ಕಾಯಿಯ ಮೇಲೆ ಬಿದ್ದಾಗ ಹಾಗೆ ಕೂಗಬೇಕು. ಅವಳ ಕುದುರೆ ಒಂದು ಕಾಲಲ್ಲಿ ರಾಜನನ್ನು, ಇನ್ನೊಂದು ಕಾಲಲ್ಲಿ ಮಂತ್ರಿಯನ್ನು ಒದೆಯುತ್ತಿತ್ತು.

ಕೆಂಗಣ್ಣರಾಯ ಗಹಗಹಿಸಿ ನಕ್ಕ. "ಕುರುಡಿ ಅತ್ತೆಗೆ ಕುರುಡಿ ಸೊಸೆ! ತಿಂದೆ ನಿನ್ನ ಕುದುರೆ!" ಅಂತ ತನ್ನ ಒಂಟೆ ಎತ್ತಿದ.

"ಅದು ಏಳೋ ಹಾಗಿಲ್ಲ, ಮಹಾಪ್ರಭು. ಎದ್ದರೆ ನನ್ನ ಆನೆಗೆ ನಿಮ್ಮ ರಾಜ ಸಿಗ್ತಾನೆ."

ರಾಜನ ಕೈ ಗಾಳಿಯಲ್ಲೇ ನಿಂತಿತು. ಆಗ ಅವನು ಹಾಸು ನೋಡಿದ. ಮಕ್ಕಳೇ, ಅಷ್ಟು ವರ್ಷ ಅವನು ನೋಡಿದ್ದು ಎದುರಿಗೆ ಕೂತವರ ಮುಖ. ಅವರು ಹೆದರಿದರೆ ಸಾಕು, ಆಟ ತಾನಾಗಿ ಅವನದಾಗುತ್ತಿತ್ತು. ವರಸೆ ಕಲಿಯೋ ಕೆಲಸವೇ ಅವನಿಗೆ ಬಿದ್ದಿರಲಿಲ್ಲ. ಒಂಟೆ ಹಿಡಿದ ಕೈ ನಡುಗಿತು. ಸುತ್ತ ನಿಂತ ಭಟರೆಲ್ಲ ಆ ನಡುಕ ನೋಡಿದರು.

ಕೆಂಗಣ್ಣರಾಯ ತನ್ನ ರಾಜನ ಕಾಯಿಯನ್ನು ಪಕ್ಕಕ್ಕೆ ಸರಿಸಿದ. ಹೊಂಬಾಳಮ್ಮನ ಕುದುರೆ ಮಂತ್ರಿಯನ್ನು ತಿಂದಿತು. ಅವನು ಆ ಕಾಯಿಯನ್ನು ಓಡಿಸಿದ, ಅವಳು ಅಟ್ಟಿದಳು. ಇನ್ನೊಂದು ಸಾಲಿನಲ್ಲಿ ಅವಳ ಎರಡನೇ ಆನೆ, ಅದರ ಮುಂದೆ ಉಳಿದ ಒಂದೇ ಒಂಟೆ. ಕೆಂಗಣ್ಣರಾಯನ ರಾಜ ಓಡೋಡಿ ಆ ಸಾಲಿಗೇ ಬಂದು ನಿಂತ. ಅವಳು ಒಂಟೆಯನ್ನು ಪಕ್ಕಕ್ಕೆ ಸರಿಸಿದಳು. ತೆರೆ ಸರಿದ ಹಾಗಾಯಿತು.

"ಷಾ, ಮಹಾಪ್ರಭು. ನಿಮ್ಮ ರಾಜನಿಗೆ ಹೋಗೋಕೆ ಒಂದು ಮನೆಯೂ ಇಲ್ಲ."

ರಾಜ ಎಣಿಸಿದ. ಮತ್ತೆ ಎಣಿಸಿದ. ಮೂರನೇ ಸಲವೂ ಎಣಿಸಿದ. ಇರಲಿಲ್ಲ.

"ಹಿಡೀರಿ ಇವಳನ್ನ! ಇಬ್ಬರನ್ನೂ ಹಗೇವಿಗೆ ನೂಕಿ!" ಅಂತ ಅರಚಿದ.

ಯಾರೂ ಕದಲಲಿಲ್ಲ. ಕತ್ತಿ ಮಸೆಯುತ್ತಿದ್ದವನ ಒಡಹುಟ್ಟಿದ ಅಣ್ಣ ಹಗೇವಿನ ಒಳಗಿದ್ದ. ಅವನು ಕತ್ತಿ ನೆಲಕ್ಕಿಟ್ಟ. ಮೊದಲು ಬೋರಮ್ಮನ ರಟ್ಟೆ ಹಿಡಿದು ಈಚೆಗೆ ಕರೆತಂದ. ಆಮೇಲೆ ಚಪ್ಪಡಿಗೆ ಹೆಗಲು ಕೊಟ್ಟ. ಇನ್ನೊಬ್ಬ ಬಂದ. ಮತ್ತೊಬ್ಬ ಬಂದ. ಕಲ್ಲು ಪೂರ್ತಿ ಸರಿಯಿತು. ಅಷ್ಟರಲ್ಲಿ ಕೆಂಗಣ್ಣರಾಯ ಹಿಂದಿನ ದಿಡ್ಡಿ ಬಾಗಿಲಿಂದ ಓಡಿದ್ದ. ಆಮೇಲೆ ಅವನನ್ನು ಆ ಸೀಮೆಯಲ್ಲಿ ಕಂಡವರಿಲ್ಲ.

ಒಬ್ಬೊಬ್ಬರೇ ಏಣಿ ಹತ್ತಿ ಬಂದರು. ಬೆಳಕಿಗೆ ಕಣ್ಣು ಬಿಡಲಾರದೆ ತಡವರಿಸಿದರು. ಮಾದಯ್ಯ ಬಂದು ಹೆಂಡತಿಯ ಕೈ ಹಿಡಿದ.

"ಇನ್ನೂ ನಡುಗ್ತಾ ಇದೆಯಲ್ಲೇ ಕೈ!"

"ಯಾವಾಗ ನಿಂತಿತ್ತು ಅಂತ?" ಅಂದಳು ಹೊಂಬಾಳಮ್ಮ.

ಅಷ್ಟೇ ಮಕ್ಕಳೇ ವಿಷಯ. ಭಯ ಹೋದ ಮೇಲೆ ಮಾಡೋಣ ಅಂತ ಕೂರಬೇಡಿ, ಅದು ಹೋಗೋದಿಲ್ಲ. ಮಾಡೋ ಕೆಲಸದ ವರಸೆಯನ್ನ ಒಂದೊಂದಾಗಿ, ನೂರು ನೂರು ಸಲ ಮಾಡಿ ಕಲಿತುಕೊಳ್ಳಿ. ನಡುಗೋ ಕೈಯೂ ಕಲಿತದ್ದನ್ನ ಮರೆಯೋದಿಲ್ಲ. ಇನ್ನೊಬ್ಬರನ್ನ ಹೆದರಿಸಿ ಗೆಲ್ಲುವವನು ಏನನ್ನೂ ಕಲಿಯೋದಿಲ್ಲ. ಹೆದರಿದರೂ ಹಾಸು ನೋಡುವ ಒಬ್ಬರು ಎದುರಿಗೆ ಬಂದು ಕೂತ ದಿನ ಅವನ ಆಟ ಮುಗಿಯುತ್ತೆ.